ಸೀನಿಯರ್ ವರ್ಷ ಶುರುವಾಗುವುದು ಜುಲೈನಲ್ಲಿ, ಮೇ ತಿಂಗಳಲ್ಲಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ನಾಲ್ಕು ವರ್ಷ. ಕೊನೆಯ ವರ್ಷದವರನ್ನು ಸೀನಿಯರ್ ಎನ್ನುತ್ತಾರೆ, ನಮ್ಮ ದ್ವಿತೀಯ ಪಿಯುಸಿ ವಯಸ್ಸಿನ ಮಕ್ಕಳು. ನಿಲುವಂಗಿ ತೊಟ್ಟು ಚೌಕದ ಟೋಪಿ ಹಾಕಿಕೊಂಡ ಮೊಮ್ಮಕ್ಕಳ ಚಿತ್ರ ಮೇ, ಜೂನ್ ಹೊತ್ತಿಗೆ ಊರಿನ ಅಜ್ಜ-ಅಜ್ಜಿಯರ ಮೊಬೈಲಿಗೆ ಬರುತ್ತದೆ. ಅದನ್ನು ನೋಡಿದವರಿಗೆ ಪದವಿ, ಅಂದರೆ ಹೈಸ್ಕೂಲು ಮುಗಿಸುವುದು, ಬರೀ ಒಂದು ದಿನದ ಸಮಾರಂಭ ಅನ್ನಿಸುವುದು ಸಹಜ. ಈಚೆಗೆ ಕೆಲಸದ ಮೇಲೆ ಅಲ್ಲಿಗೆ ಹೋದ ಕನ್ನಡದ ತಂದೆತಾಯಿಯರೂ ಹಾಗೇ ತಿಳಿದು ಏಪ್ರಿಲ್‌ವರೆಗೆ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಅರ್ಧಕ್ಕರ್ಧ ಗಡುವು ದಾಟಿರುತ್ತದೆ. ಶಾಲೆಯಿಂದ ಇಮೇಲ್ ಬಂದಿರುತ್ತದೆ ನಿಜ. ಆದರೆ ಅದರಲ್ಲಿರುವ ‘ಡ್ರೇಪ್’, ‘ಡ್ಯೂಸ್’, ‘ಕಾರ್ಡ್ಸ್’ ಏನೆಂದು ಗೊತ್ತಿಲ್ಲದವರು ಓದಿ ಬದಿಗಿಡುತ್ತಾರೆ. ಹೊರಗುಳಿಯುವುದು ಮಗು. ಈ ಪತ್ರ ಅದಕ್ಕಾಗಿ.

ಮೊದಲ ಕೆಲಸ ಹನ್ನೊಂದನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲೇ ಬರುತ್ತದೆ: ಸೀನಿಯರ್ ಭಾವಚಿತ್ರ. ಹುಡುಗರಿಗೆ ಸ್ಟುಡಿಯೋದವರೇ ಟಕ್ಸಿಡೋ ಕೋಟು ತೊಡಿಸುತ್ತಾರೆ. ಹುಡುಗಿಯರಿಗೆ ಡ್ರೇಪ್ ಎಂಬ ಕಪ್ಪು ಬಟ್ಟೆಯನ್ನು ಭುಜ ಕಾಣುವಂತೆ ಸುತ್ತಿ ಬೆನ್ನ ಹಿಂದೆ ಕ್ಲಿಪ್ ಹಾಕುತ್ತಾರೆ. ಅದು ಇಷ್ಟವಿಲ್ಲದಿದ್ದರೆ ದಿನ ಗೊತ್ತುಮಾಡುವಾಗಲೇ ಕೇಳಬೇಕು. ಸ್ಟೂಲಿನ ಮೇಲೆ ಕೂತ ಮೇಲೆ ಕೇಳಿದರೆ ಮುಜುಗರವೇ ಹೊರತು ಪ್ರಯೋಜನವಿಲ್ಲ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಹೊರಗಿನ ಫೋಟೊಗ್ರಾಫರ್ ಹತ್ತಿರ ಚೆಂದದ ಚಿತ್ರ ತೆಗೆಸಿ ಕೆಲಸ ಮುಗಿಯಿತು ಎಂದುಕೊಳ್ಳುವುದು. ಶಾಲೆ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಚಿತ್ರಪುಸ್ತಕವಾದ ಇಯರ್‌ಬುಕ್ಕಿನಲ್ಲಿ ಎಲ್ಲರ ಹಿನ್ನೆಲೆಯೂ ತಲೆಯ ಅಳತೆಯೂ ಒಂದೇ ಇರಬೇಕೆಂದು ಅನೇಕ ಶಾಲೆಗಳು ತಾವು ಗೊತ್ತುಮಾಡಿದ ಸ್ಟುಡಿಯೋದ ಚಿತ್ರವನ್ನು ಮಾತ್ರ ತೆಗೆದುಕೊಳ್ಳುತ್ತವೆ. ತಪ್ಪಿಸಿಕೊಂಡವರು ‘ಚಿತ್ರವಿಲ್ಲದವರು’ ಎಂಬ ಪಟ್ಟಿಯಲ್ಲಿ ಬರೀ ಹೆಸರಾಗಿ ಉಳಿಯುತ್ತಾರೆ.

ಇಯರ್‌ಬುಕ್ಕಿಗೆ ಶಾಲೆ ತೆರೆದ ಕೂಡಲೇ ಹಣ ಕಟ್ಟುವುದು ಒಳ್ಳೆಯದು. ತಿಂಗಳು ಕಳೆದ ಹಾಗೆ ದರ ಏರುತ್ತದೆ, ಬೇಡಿಕೆಗಿಂತ ಹೆಚ್ಚು ಪ್ರತಿ ಅಚ್ಚು ಹಾಕಿಸುವುದು ಅಪರೂಪ. ಅದರ ಕೊನೆಯ ಪುಟಗಳಲ್ಲಿ ಪೋಷಕರು ಮಗುವಿನ ಎಳವೆಯ ಚಿತ್ರ ಹಾಕಿ ನಾಲ್ಕು ಮಾತು ಬರೆಯಲು ಜಾಗ ಕೊಳ್ಳಬಹುದು. ಆ ಹಳೆಯ ಚಿತ್ರ ಬಹುಮಟ್ಟಿಗೆ ಊರಿನ ಮನೆಯ ಆಲ್ಬಮ್ಮಿನಲ್ಲೇ ಇರುತ್ತದೆ. ಅಜ್ಜ ಅದನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ. ಪ್ಲಾಸ್ಟಿಕ್ ಹಾಳೆಯ ಹೊಳಪು ಮಗುವಿನ ಮುಖದ ಮೇಲೇ ಬಿದ್ದಿರುತ್ತದೆ, ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿರುತ್ತದೆ, ಅಚ್ಚಿನಲ್ಲಿ ಮಸುಕು. ಆಲ್ಬಮ್ಮಿನಿಂದ ಚಿತ್ರವನ್ನು ಹೊರತೆಗೆದು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿಸಿ. ಅಂಚೆಚೀಟಿಗಿಂತ ತುಸು ದೊಡ್ಡ ಚಿತ್ರವಾದರೆ 600 ಇರಲಿ, ಹಿಗ್ಗಿಸಲು ಬೇಕಾಗುತ್ತದೆ. ಕಳಿಸುವಾಗ ಫೋಟೊ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ.

ಶರತ್ಕಾಲದ ಹೋಮ್‌ಕಮಿಂಗ್ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮರಳುವ ಹಬ್ಬ. ವಾರವಿಡೀ ದಿನಕ್ಕೊಂದು ವೇಷ, ಅಮೆರಿಕನ್ ಫುಟ್ಬಾಲ್ ಪಂದ್ಯ, ನೃತ್ಯ. ಟೆಕ್ಸಸ್‌ನಲ್ಲಿರುವವರು ಮಾತ್ರ ‘ಮಮ್’ ಬಗ್ಗೆ ತಿಳಿದಿರಬೇಕು: ಬಟ್ಟೆಯ ಸೇವಂತಿಗೆ, ಅದಕ್ಕೆ ಮೊಣಕಾಲು ದಾಟುವ ರಿಬ್ಬನ್ನು, ಗೆಜ್ಜೆ. ಕಿರಿಯರದು ಶಾಲೆಯ ಬಣ್ಣದಲ್ಲಿದ್ದರೆ ಸೀನಿಯರ್‌ಗಳದು ಸಾಮಾನ್ಯವಾಗಿ ಬಿಳಿ, ಬೆಳ್ಳಿ ಬಣ್ಣ. ಭಾರ ಜಾಸ್ತಿಯಾದರೆ ಪಿನ್ನು ಅಂಗಿಯನ್ನು ಹರಿಯುತ್ತದೆ, ಕೊರಳಿಗೆ ಪಟ್ಟಿ ಹಾಕಿ ನೇತುಹಾಕುವುದೇ ಸರಿ. ಕ್ಲಾಸ್ ರಿಂಗ್ ಎಂಬ ಉಂಗುರವೂ ಒಂದಿದೆ. 1835ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಶುರುವಾದ ಪದ್ಧತಿ ಇದು. ಓದು ಮುಗಿಯುವವರೆಗೆ ಶಾಲೆಯ ಹೆಸರು ತೊಟ್ಟವರ ಕಡೆಗೆ, ಪದವಿ ಆದಮೇಲೆ ಹೊರಗಿನವರ ಕಡೆಗೆ ತಿರುಗಿಸುತ್ತಾರೆ. ದುಬಾರಿ. ಮಗು ಆಸೆಪಟ್ಟು ಕೇಳದಿದ್ದರೆ ಬಿಟ್ಟರೂ ನಷ್ಟವಿಲ್ಲ.

ನಮ್ಮವರನ್ನು ಹೆಚ್ಚು ಕಂಗೆಡಿಸುವುದು ಏಪ್ರಿಲ್, ಮೇ ತಿಂಗಳ ಪ್ರಾಮ್, ಅಂದರೆ ಶಾಲೆ ಏರ್ಪಡಿಸುವ ನೃತ್ಯಕೂಟ. ಹುಡುಗ-ಹುಡುಗಿ ಜೋಡಿಯಾಗಿಯೇ ಹೋಗಬೇಕೆಂಬ ನಿಯಮವಿದೆ ಎಂದು ತಿಳಿದು ಮಗಳಿಗೆ ಸೀದಾ ಬೇಡ ಅನ್ನುವವರಿದ್ದಾರೆ. ಅಂಥ ಕಡ್ಡಾಯವೇನೂ ಇಲ್ಲ. ಏಳೆಂಟು ಗೆಳತಿಯರು ಒಟ್ಟಿಗೆ ಹೋಗುವುದು, ಒಬ್ಬರೇ ಟಿಕೆಟ್ ಕೊಂಡು ಹೋಗುವುದು ಎಲ್ಲವೂ ನಡೆಯುತ್ತದೆ. ಬಾಗಿಲಲ್ಲೂ ಒಳಗೂ ಶಿಕ್ಷಕರಿರುತ್ತಾರೆ, ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡದ ಶಾಲೆಗಳೇ ಹೆಚ್ಚು. ಬೇರೆ ಶಾಲೆಯ ಅತಿಥಿ ಬರುವುದಾದರೆ ಪ್ರತ್ಯೇಕ ಅರ್ಜಿ ಬೇಕು. ಅದಕ್ಕೆ ಆ ಶಾಲೆಯ ಆಡಳಿತದವರ ಸಹಿ ಕೇಳುತ್ತಾರೆ, ಅತಿಥಿಗೆ 21 ವರ್ಷ ತುಂಬಿರಬಾರದು ಎಂಬ ನಿಯಮ ಸಾಮಾನ್ಯ. ಗ್ರಂಥಾಲಯದ ಪುಸ್ತಕ, ಸಮವಸ್ತ್ರದ ಬಾಕಿ, ಸೀನಿಯರ್ ಡ್ಯೂಸ್ ಅಂದರೆ ಆ ವರ್ಷದ ಕಾರ್ಯಕ್ರಮಗಳ ವಂತಿಗೆ, ಇವುಗಳಲ್ಲಿ ಯಾವುದು ಉಳಿದಿದ್ದರೂ ಟಿಕೆಟ್ ಸಿಗದಿರಬಹುದು. ವಂತಿಗೆ ಹೊರೆಯಾದರೆ ಕೌನ್ಸೆಲರ್ ಹತ್ತಿರ ಹೇಳಿಕೊಳ್ಳುವುದಕ್ಕೆ ಸಂಕೋಚ ಬೇಡ. ರಿಯಾಯಿತಿಗೆ ಅವಕಾಶವಿರುವ ಶಾಲೆಗಳು ಬಹಳ, ಕೇಳದವರಿಗೆ ಅದು ತಿಳಿಯುವುದಿಲ್ಲ.

ಹುಡುಗರ ಟಕ್ಸಿಡೋ ಬಾಡಿಗೆಗೆ ಆರೇಳು ವಾರ ಮುಂಚೆ ಅಳತೆ ಕೊಡಬೇಕು. ಕೈಗೆ ಬಂದ ದಿನವೇ ಹಾಕಿ ನೋಡಬೇಕು, ಪ್ಯಾಂಟಿನ ಉದ್ದ ತಪ್ಪಿರುವುದು ಆಗಲೇ ಗೊತ್ತಾಗುವುದು. ಹುಡುಗಿಯರು ರೇಷ್ಮೆ ಲಂಗ-ದಾವಣಿ, ಸೀರೆಯಲ್ಲೂ ಹೋಗಬಹುದು, ಬಹಳ ಶೋಭಿಸುತ್ತದೆ. ನೃತ್ಯವಿರುವುದರಿಂದ ಸೆರಗಿಗೂ ನೆರಿಗೆಗೂ ಗಟ್ಟಿ ಪಿನ್ನು ಹಾಕಿ. ಕೋಟಿಗೆ ಸಿಕ್ಕಿಸುವ ಹೂವಿಗೆ ಬೂಟನಿಯರ್ ಎನ್ನುತ್ತಾರೆ. ಅದು ಎಡಗಡೆಯ ಪಟ್ಟಿಗೆ, ತೊಟ್ಟು ಕೆಳಮುಖವಾಗಿ. ಪಿನ್ನನ್ನು ಪಟ್ಟಿಯ ಹಿಂದಿನಿಂದ ಚುಚ್ಚಿ, ತೊಟ್ಟಿನ ದಪ್ಪಭಾಗದಲ್ಲಿ ಹಾಯಿಸಿ, ಮೊನೆಯನ್ನು ಮತ್ತೆ ಪಟ್ಟಿಯ ಹಿಂದಕ್ಕೇ ತರಬೇಕು. ಮುಂದಿನಿಂದ ಚುಚ್ಚಿದರೆ ಹೂವು ಜೋತುಬೀಳುತ್ತದೆ, ಅಪ್ಪಿಕೊಂಡವರಿಗೆ ಮೊನೆ ತಾಗುತ್ತದೆ.

ನಿಜವಾದ ಅಪಾಯ ಇರುವುದು ಪ್ರಾಮ್ ಮುಗಿದ ನಂತರದ ರಾತ್ರಿಯಲ್ಲಿ. ಮದ್ಯಕ್ಕೆ 21 ವರ್ಷ ಆಗಿರಬೇಕೆಂಬ ಮಿತಿಯನ್ನು ಎಲ್ಲ ರಾಜ್ಯಗಳೂ ಒಪ್ಪುವಂತೆ ಕೇಂದ್ರದ ಕಾನೂನು ಬಂದದ್ದು 1984ರಲ್ಲಿ. ಅದಕ್ಕೂ ಮೊದಲೇ, 1980ರಲ್ಲಿ, ಮೇಯ್ನ್ ರಾಜ್ಯದಲ್ಲಿ ಪದವಿಯ ಸಮಯದ ವಾಹನ ಅಪಘಾತಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಊರಿನವರು ‘ಪ್ರಾಜೆಕ್ಟ್ ಗ್ರ್ಯಾಜುಯೇಷನ್’ ಶುರುಮಾಡಿದರು: ಬೆಳಗಾಗುವವರೆಗೆ ಒಂದೇ ಕಟ್ಟಡದೊಳಗೆ ಆಟ, ಊಟ, ಬಹುಮಾನ, ಮದ್ಯವಿಲ್ಲ. ಇಂದು ಪದವಿಯ ರಾತ್ರಿಗೂ ಪ್ರಾಮ್ ರಾತ್ರಿಗೂ ಈ ಏರ್ಪಾಡು ಮಾಡುವ ಊರುಗಳು ಅನೇಕ, ನಡೆಸುವವರು ಪೋಷಕರೇ. ನಮ್ಮವರು ಇಲ್ಲಿ ಕೈಜೋಡಿಸುವುದು ಕಡಿಮೆ. ಬೆಳಗಿನ ಜಾವದ ಪಾಳಿಗೆ ಯಾವಾಗಲೂ ಜನ ಸಾಲುವುದಿಲ್ಲ. ಎರಡು ಗಂಟೆ ನಿಂತರೆ ನಿಮ್ಮ ಮಗುವಿನ ಗೆಳೆಯರ ಪರಿಚಯ ಆದಂತೆಯೂ ಆಯಿತು.

‘ಸೀನಿಯರ್ ಸ್ಕಿಪ್ ಡೇ’ ಎಂದು ಮಕ್ಕಳು ಸಾಮೂಹಿಕವಾಗಿ ಚಕ್ಕರ್ ಹಾಕುವ ದಿನವನ್ನು ಶಾಲೆ ರಜೆಯೆಂದು ಒಪ್ಪುವುದಿಲ್ಲ, ಹಾಜರಿ ಹೋಗುತ್ತದೆ. ಪರೀಕ್ಷೆ ಇದ್ದರೆ ಅಂಕವೂ ಹೋಗಬಹುದು.

ಇನ್ನು ಪದವಿ ಸಮಾರಂಭ. ನಿಲುವಂಗಿಗೆ ಚಳಿಗಾಲದಲ್ಲೇ ಎತ್ತರ ಬರೆದು ಕೊಡಬೇಕು. ಪಾಲಿಯೆಸ್ಟರ್ ಬಟ್ಟೆ, ಪೊಟ್ಟಣದ ಮಡಿಕೆ ಹಾಗೇ ನಿಂತಿರುತ್ತದೆ. ಬಿಸಿ ಇಸ್ತ್ರಿ ಇಟ್ಟರೆ ಕರಗುತ್ತದೆ, ಹಿಂದಿನ ದಿನ ಹ್ಯಾಂಗರಿಗೆ ಹಾಕಿ ಬಚ್ಚಲಿನ ಹಬೆಯಲ್ಲಿ ನೇತುಬಿಡಿ. ಟೋಪಿಯ ಹಲಗೆ ನೆಲಕ್ಕೆ ಸಮನಾಗಿರಬೇಕು. ಕುಚ್ಚು ಮೊದಲು ಬಲಕ್ಕೆ, ಪದವಿ ಘೋಷಿಸಿದ ಮೇಲೆ ಎಡಕ್ಕೆ. ಕಾರ್ಡ್ಸ್ ಎಂದರೆ ಅಂಕ, ಸೇವೆ, ಸಂಘಗಳ ಗೌರವಕ್ಕೆ ಕೊರಳಿಗೆ ಹಾಕುವ ಹುರಿ. ಟೋಪಿ ಎಸೆಯುವುದು 1912ರಲ್ಲಿ ನೌಕಾಪಡೆಯ ಅಕಾಡೆಮಿಯಲ್ಲಿ ಶುರುವಾದದ್ದು. ಹೊಸ ಅಧಿಕಾರಿಗಳಿಗೆ ಹಳೆಯ ಟೋಪಿ ಬೇಕಿರಲಿಲ್ಲ. ಈಗಿನ ಟೋಪಿಯ ಮೂಲೆ ಕಣ್ಣಿಗೆ ಬಡಿಯುತ್ತದೆಂದು ಕೆಲವು ಶಾಲೆಗಳು ಎಸೆಯಲು ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ಸಮಾರಂಭಕ್ಕೆ ಹಿಂದಿನ ತಿಂಗಳುಗಳಲ್ಲಿ ಶಾಲೆ ಒಂದು ಚೀಟಿ ಕೊಡುತ್ತದೆ, ವೇದಿಕೆಯಲ್ಲಿ ಓದುವವರಿಗೆ ಉಚ್ಚಾರಣೆ ಬರೆದುಕೊಡಿ ಎಂದು. ಮಕ್ಕಳು ಎಂದಿನ ಕಾಗುಣಿತವನ್ನೇ ಬರೆದುಬಿಡುತ್ತಾರೆ. ಜ್ಞಾನೇಶ ಎಂಬ ಹೆಸರನ್ನು ಜೆ, ಎನ್ ಅಕ್ಷರಗಳಿಂದ ಶುರುಮಾಡಿದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ಜಿ, ವೈ ಎಂದು ಶುರುಮಾಡಿ, ಮೂರು ತುಂಡಾಗಿ ಬಿಡಿಸಿ, ಒತ್ತು ಬೀಳುವ ತುಂಡನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ತಾಲೀಮಿನ ದಿನ ಮಗುವೇ ಓದುವವರ ಹತ್ತಿರ ಹೋಗಿ ಒಮ್ಮೆ ಹೇಳಿಸಲಿ. ಪ್ರಮಾಣಪತ್ರದಲ್ಲಿ ಬರುವ ಹೆಸರು ಇನ್ನೊಂದು ವಿಷಯ, ಅದು ಪಾಸ್‌ಪೋರ್ಟಿನಂತೆಯೇ ಇರಬೇಕು. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಒಂದು ಕಡೆ, ಪೂರ್ತಿಯಾಗಿ ಇನ್ನೊಂದು ಕಡೆ ಇರುವುದು ನಮ್ಮಲ್ಲಿ ಮಾಮೂಲು. ಚಳಿಗಾಲದೊಳಗೆ ಶಾಲೆಯ ದಾಖಲೆ ತಿದ್ದಿಸಿ.

ಊರಿಂದ ಅಜ್ಜ-ಅಜ್ಜಿಯರನ್ನು ಕರೆಸುವವರಿಗೆ ಒಂದು ಮಾತು. ಹಿಮ ಬಿದ್ದು ಶಾಲೆ ಮುಚ್ಚಿದ ದಿನಗಳನ್ನು ತುಂಬಿಸಲು ಕೆಲವು ಕಡೆ ಸಮಾರಂಭದ ದಿನವೇ ಮುಂದೆ ಹೋಗುತ್ತದೆ. ವಾಪಸು ವಿಮಾನಕ್ಕೆ ಎರಡು ವಾರ ಸಡಿಲ ಬಿಡಿ. ಒಳಾಂಗಣದಲ್ಲಾದರೆ ಮನೆಗೆ ಇಂತಿಷ್ಟೇ ಟಿಕೆಟ್. ಬೇಡವಾದವರ ಟಿಕೆಟ್ ಕೇಳಿಕೊಳ್ಳುವ ಕೆಲಸ ಎರಡು ತಿಂಗಳು ಮೊದಲೇ ಆಗಲಿ. ವೇದಿಕೆಯಲ್ಲಿ ಕೊಟ್ಟ ಪ್ರಮಾಣಪತ್ರದ ಹೊದಿಕೆ ತೆರೆದಾಗ ಒಳಗೆ ಏನೂ ಇಲ್ಲದಿದ್ದರೆ ಗಾಬರಿಯಾಗಬೇಡಿ. ಬಹಳ ಶಾಲೆಗಳಲ್ಲಿ ಅದು ಖಾಲಿಯೇ ಇರುತ್ತದೆ. ಬಾಕಿಗಳೆಲ್ಲ ತೀರಿದವರಿಗೆ ಪ್ರಮಾಣಪತ್ರವನ್ನು ಆಮೇಲೆ ಕಚೇರಿಯಲ್ಲಿ ಕೊಡುತ್ತಾರೆ, ಇಲ್ಲವೇ ಅಂಚೆಯಲ್ಲಿ ಕಳಿಸುತ್ತಾರೆ.

ಇತಿ,
ಅಮೆರಿಕದಲ್ಲಿ ನೆಲೆಸಿರುವ ಕೆಲವು ಕನ್ನಡ ಪೋಷಕರು