ಮಕ್ಕಳ ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಹೊಸ ಪುಸ್ತಕಗಳು ಬೇಕು

ಮಾನ್ಯ ಸಂಪಾದಕರಿಗೆ,

ಕನ್ನಡದಲ್ಲಿ ಮಕ್ಕಳ ಪುಸ್ತಕ ಎಂದೊಡನೆ ಕಥೆ, ಪದ್ಯ, ನಾಟಕಗಳೇ ನೆನಪಿಗೆ ಬರುತ್ತವೆ. ಆದರೆ ಕಪ್ಪೆ ಮಳೆಗಾಲದಲ್ಲೇ ಏಕೆ ವಟಗುಟ್ಟುತ್ತದೆ, ಊರ ಮುಂದಿನ ಬಂಡೆಗೆ ಎಷ್ಟು ವಯಸ್ಸು, ಹಳೆಯ ಕಲ್ಲಿನ ಮೇಲಿನ ಅಕ್ಷರಗಳನ್ನು ಮೊದಲು ಓದಿದವರು ಯಾರು ಎಂದು ಕೇಳುವ ಒಂಬತ್ತು ಹತ್ತು ವರ್ಷದ ಮಗುವಿನ ಕೈಗೆ ಕೊಡಬಹುದಾದ ಹೊಸ ಪುಸ್ತಕಗಳ ಬಗ್ಗೆ ಮಾತು ನಡೆಯುವುದು ಬಹಳ ಕಡಿಮೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳೊಂದಿಗೆ ಕುಳಿತು ಓದುತ್ತಿರುವ ನಾನು ಈ ಕೊರತೆಯನ್ನು ತಮ್ಮ ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಈ ಕೆಲಸಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳಿಗೆ ಕೊಟ್ಟರು. ನಿರಂಜನರು ಹಲವು ವಿಷಯತಜ್ಞರನ್ನು ಕೂಡಿಸಿಕೊಂಡು ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನು ಏಳು ಸಂಪುಟಗಳಲ್ಲಿ ಸಂಪಾದಿಸಿದರು. ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳನ್ನೂ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನೂ ಓದಿ ಬೆಳೆದ ತಲೆಮಾರು ಇಂದು ಶಾಲೆ, ಕಚೇರಿ, ಪ್ರಯೋಗಾಲಯಗಳಲ್ಲಿದೆ. ಅವರ ಋಣವನ್ನು ನಾನು ಮರೆತಿಲ್ಲ. ಆದರೆ ತಿಳಿವಳಿಕೆಯ ಪುಸ್ತಕಕ್ಕೆ ಕಥೆಗಿಲ್ಲದ ಒಂದು ಕಷ್ಟವಿದೆ, ಅದು ಹಳತಾಗುತ್ತದೆ. 2006ರಲ್ಲಿ ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. 2008ರಲ್ಲಿ ಹಾರಿದ ಚಂದ್ರಯಾನ-1 ಚಂದ್ರನ ನೆಲದಲ್ಲಿ ನೀರಿನ ಅಣುಗಳ ಗುರುತನ್ನು ಪತ್ತೆ ಮಾಡಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದಾಗ ಅದರ ಮೇಲ್ವಿಚಾರಣೆ ನಡೆದದ್ದು ನಮ್ಮ ಬೆಂಗಳೂರಿನಿಂದಲೇ. ಆ ಸಂಜೆ ದೂರದರ್ಶನದ ಮುಂದೆ ಕುಳಿತು ಚಪ್ಪಾಳೆ ತಟ್ಟಿದ ಮಕ್ಕಳಿಗೆ ಮರುದಿನ ಓದಲು ಕೊಡಲು ಹಳ್ಳಿಯ ಗ್ರಂಥಾಲಯದ ಕಪಾಟಿನಲ್ಲಿ ಏನಿತ್ತು ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಇಂದು ಅಂಗಡಿಗಳಲ್ಲಿ ಹೇರಳವಾಗಿ ಸಿಗುವುದು ‘ಸಾಮಾನ್ಯ ಜ್ಞಾನ’ದ ಪ್ರಶ್ನೋತ್ತರ ಪುಸ್ತಕಗಳು. ಅತಿ ಉದ್ದದ ನದಿ ಯಾವುದು, ಅತಿ ಎತ್ತರದ ಶಿಖರ ಯಾವುದು, ಯಾವುದನ್ನು ಯಾರು ಕಂಡುಹಿಡಿದರು ಎಂಬ ಸಾಲುಗಳನ್ನು ಮಕ್ಕಳು ಉರುಹೊಡೆಯುತ್ತಾರೆ, ಸ್ಪರ್ಧೆಯಲ್ಲಿ ಬಹುಮಾನವನ್ನೂ ತರುತ್ತಾರೆ. ಅಷ್ಟು ಉತ್ತರಗಳು ಈಗ ಮೊಬೈಲಿನಲ್ಲಿಯೂ ಕ್ಷಣದಲ್ಲಿ ಸಿಗುತ್ತವೆ. ಅಲ್ಲಿ ಸಿಗದೆ ಉಳಿಯುವುದು ಆ ಉತ್ತರದ ಹಿಂದಿನ ದಾರಿ: ಯಾರಿಗೆ ಮೊದಲು ಅನುಮಾನ ಬಂತು, ಅವರು ಏನನ್ನು ಅಳೆದರು, ಎಲ್ಲಿ ತಪ್ಪಿದರು, ಯಾವ ಪುರಾವೆ ಸಿಕ್ಕಾಗ ಒಪ್ಪಿದರು. ಇದನ್ನು ಸಾವಧಾನವಾಗಿ, ಚಿತ್ರಗಳ ಸಮೇತ, ಮಗುವಿನ ಬುದ್ಧಿಯ ಮೇಲೆ ಗೌರವವಿಟ್ಟು ಹೇಳಬಲ್ಲದ್ದು ಒಳ್ಳೆಯ ಪುಸ್ತಕ ಮಾತ್ರ.

ಅಂಥ ಪುಸ್ತಕಕ್ಕೆ ವಸ್ತು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ತೆಗೆದುಕೊಳ್ಳೋಣ. ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರ ವೇಳೆಗೆ ಪ್ರಾಚೀನ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ದೇಶದ ಉದ್ದಗಲಕ್ಕೂ ಹರಡಿದ್ದ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ರಾಜನೊಬ್ಬನ ಬಿರುದುಗಳು. ಆ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದರು. ಆದರೆ ಕಲ್ಲಿನ ಮೇಲೆ ಹೆಸರು ಸಿಕ್ಕಿರಲಿಲ್ಲ. ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1915ರಲ್ಲಿ, ಚಿನ್ನದ ಗಣಿಗಳ ಕೆಲಸದಲ್ಲಿದ್ದ ಸಿ. ಬೀಡನ್ ಎಂಬ ಇಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಬೆಳಕಿಗೆ ತಂದರು, ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಪತ್ತೇದಾರಿ ಕಥೆಗೆ ಬೇಕಾದುದೆಲ್ಲವೂ ಇದರಲ್ಲಿದೆ, ಜೊತೆಗೆ ಇದು ನಿಜ. ಅಕ್ಷರಗಳ ರೇಖಾಚಿತ್ರ, ಒಂದು ನಕಾಶೆ, ಬಂಡೆಯ ಛಾಯಾಚಿತ್ರ, ಬ್ರಾಹ್ಮಿಯಲ್ಲಿ ತನ್ನ ಹೆಸರನ್ನು ಬರೆದು ನೋಡಲು ಕೊನೆಯಲ್ಲೊಂದು ಪುಟ ಇಷ್ಟಿದ್ದರೆ ಮೂವತ್ತೆರಡು ಪುಟಗಳಲ್ಲಿ ಎಂಥ ಪುಸ್ತಕ ಆಗಬಹುದು! ಇತಿಹಾಸವೆಂದರೆ ಇಸವಿಗಳ ಪಟ್ಟಿ ಎಂದುಕೊಂಡಿರುವ ಮಗು ಇದನ್ನು ಓದಿದ ಮೇಲೆ ತನ್ನೂರಿನ ವೀರಗಲ್ಲಿನ ಮುಂದೆ ನಿಂತು ಪ್ರಶ್ನೆ ಕೇಳದೆ ಇರಲಾರದು ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅಷ್ಟೇ. ಪ್ರತಿ ಭಾನುವಾರ ಮಕ್ಕಳು ಓಡಿ ಹತ್ತುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದರೆ ‘ನೋಡಿದವರು ಯಾರು?’ ಎಂದು ಮಗು ಕೇಳುವುದು ಸಹಜ ಮತ್ತು ನ್ಯಾಯ. ಕಲ್ಲಿನೊಳಗಿನ ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿರುವ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗಿ ಬದಲಾಗುತ್ತದೆ, ಎಷ್ಟು ಉಳಿದಿದೆ ಎಷ್ಟು ಬದಲಾಗಿದೆ ಎಂದು ಅಳೆದರೆ ಕಾಲದ ಲೆಕ್ಕ ಸಿಗುತ್ತದೆ ಎಂಬುದನ್ನು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಲು ಸಾಧ್ಯವಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆಯೂ ಹೀಗೆಯೇ ಬರೆಯಬಹುದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದರಿಂದ ಅವುಗಳ ಪ್ರಯಾಣ ನಮಗೆ ತಿಳಿದಿದೆ. ಮಹತ್ವದ ಜೌಗು ನೆಲೆಗಳ ಅಂತರರಾಷ್ಟ್ರೀಯ ‘ರಾಮ್ಸಾರ್’ ಪಟ್ಟಿಗೆ 2024ರಲ್ಲಿ ಸೇರಿದ ಆ ಕೆರೆಯ ಸುತ್ತಲಿನ ಮಕ್ಕಳಿಗೆ ಹಿಮಕರಡಿಯಷ್ಟೇ ಈ ಬಾತಿನ ಬಗ್ಗೆಯೂ ಬಣ್ಣದ ಪುಸ್ತಕ ಸಿಗಬೇಕು.

ಹೊಸ ಪ್ರಯತ್ನಗಳು ನಡೆಯುತ್ತಿಲ್ಲವೆಂದಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ವಿಜ್ಞಾನ, ಪರಿಸರ, ಗಣಿತ ಕುರಿತ ಚಿತ್ರಪುಸ್ತಕಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ, ಶಿಕ್ಷಕರು ಅವನ್ನು ಮುದ್ರಿಸಿಕೊಳ್ಳಲೂಬಹುದು. ಅವುಗಳಲ್ಲಿ ಹಲವು ಅನುವಾದಗಳು, ಒಳ್ಳೆಯ ಅನುವಾದಗಳೂ ಹೌದು. ಅವುಗಳ ಜೊತೆಗೆ, ಕನ್ನಡದಲ್ಲಿಯೇ ಹುಟ್ಟಿ, ನಮ್ಮ ಮಣ್ಣು, ಬೆಳೆ, ಕಸುಬು, ಶಾಸನ, ಹಕ್ಕಿಗಳನ್ನು ಹತ್ತಿರದಿಂದ ಬಲ್ಲವರು ಬರೆದ, ಅಚ್ಚಾಗಿ ಕೈಗೆ ಬರುವ ಪುಸ್ತಕಗಳ ಸಂಖ್ಯೆ ಹೆಚ್ಚಬೇಕು ಎಂಬುದು ನನ್ನ ಕೋರಿಕೆ.

ಪ್ರಕಾಶಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ಬಣ್ಣದ ಮುದ್ರಣ ದುಬಾರಿ. ಒಳ್ಳೆಯ ಚಿತ್ರಕಾರರಿಗೂ ವಿಷಯ ಪರಿಶೀಲಿಸುವ ತಜ್ಞರಿಗೂ ಸಂಭಾವನೆ ಕೊಡಬೇಕು. ಸಾವಿರ ಪ್ರತಿ ಅಚ್ಚು ಹಾಕಿ ಇವೆಲ್ಲವನ್ನೂ ತೂಗಿಸುವುದು ಸುಲಭವಲ್ಲ. ಪುಟಗಳ ಲೆಕ್ಕದಲ್ಲಿ ಬೆಲೆ ಕಟ್ಟುವ ರೂಢಿಯಿರುವ ಕಡೆ ತೆಳುವಾದ, ಆದರೆ ಹೆಚ್ಚು ಶ್ರಮ ಬೇಡುವ ಚಿತ್ರಪುಸ್ತಕಕ್ಕೆ ನ್ಯಾಯ ಸಿಗುವುದು ಕಷ್ಟ. ಕರ್ನಾಟಕದಲ್ಲಿ 1965ರಿಂದಲೂ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿದೆ, ಆಸ್ತಿ ತೆರಿಗೆಯೊಂದಿಗೆ ನಾವೆಲ್ಲರೂ ಗ್ರಂಥಾಲಯ ಕರವನ್ನು ಕಟ್ಟುತ್ತಿದ್ದೇವೆ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿ ಮಕ್ಕಳನ್ನು ಒಳಗೆ ಕರೆಯುತ್ತಿವೆ. ಹೀಗಿರುವಾಗ ಮಕ್ಕಳ ತಿಳಿವಳಿಕೆಯ ಪುಸ್ತಕಗಳಿಗೆ ಗ್ರಂಥಾಲಯಗಳ ಖರೀದಿಯಲ್ಲಿ ಪ್ರತ್ಯೇಕ ಪಾಲನ್ನೂ ಬಣ್ಣದ ಪುಸ್ತಕಗಳಿಗೆ ಪ್ರತ್ಯೇಕ ದರವನ್ನೂ ನಿಗದಿಪಡಿಸಿದರೆ ಪ್ರಕಾಶಕರಿಗೆ ಧೈರ್ಯ ಬರುತ್ತದೆ. ಆಯ್ಕೆ ಸಮಿತಿಯಲ್ಲಿ ಕನಿಷ್ಠ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕರಾದರೂ ಇರಲಿ. ಪುಸ್ತಕದ ವಿಷಯವನ್ನು ಯಾರು ಪರಿಶೀಲಿಸಿದರು, ಯಾವ ವರ್ಷ ಪರಿಷ್ಕರಿಸಲಾಯಿತು, ಯಾವ ಪ್ರಶ್ನೆಗೆ ವಿಜ್ಞಾನಿಗಳಿಗೂ ಇನ್ನೂ ಉತ್ತರ ಸಿಕ್ಕಿಲ್ಲ ಎಂಬುದನ್ನು ಪುಸ್ತಕದಲ್ಲಿಯೇ ಅಚ್ಚು ಮಾಡುವ ಶಿಸ್ತನ್ನು ಪ್ರಕಾಶಕರು ಪಾಲಿಸಲಿ.

ತಮ್ಮ ಪತ್ರಿಕೆಗೂ ಒಂದು ಮನವಿ. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಮಕ್ಕಳ ಕಥೇತರ ಪುಸ್ತಕವೊಂದರ ವಿಮರ್ಶೆಯನ್ನು, ಸಾಧ್ಯವಾದರೆ ಅದನ್ನು ಓದಿದ ಮಗುವಿನ ನಾಲ್ಕು ಮಾತುಗಳ ಸಮೇತ, ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ