ಅಲಂಕಾರದ ಅಕ್ಷರ ಹೆಸರಿಗಿರಲಿ, ಮುಹೂರ್ತಕ್ಕೆ ಬೇಡ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ತಂಗಿಯ ಮಗಳ ಮದುವೆ ಆಯಿತು. ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ, ಬೆಳಿಗ್ಗೆ ೬-೪೦ಕ್ಕೆ. ಸಿಂಧನೂರಿನ ನಮ್ಮ ದೊಡ್ಡಪ್ಪ ಮಂಟಪಕ್ಕೆ ಬಂದಾಗ ಒಂಬತ್ತು ಗಂಟೆ. ಮದುಮಕ್ಕಳು ಆಗಲೇ ನಾಷ್ಟಾಕ್ಕೆ ಕೂತಿದ್ದರು. ದೊಡ್ಡಪ್ಪ ಸುಮ್ನೆ ಜೇಬಿನಿಂದ ಲಗ್ನಪತ್ರಿಕೆ ತೆಗೆದು ನನ್ನ ಕೈಗೆ ಕೊಟ್ಟರು. ಕಣ್ಣಲ್ಲಿ ನೀರಿತ್ತು. ತಪ್ಪು ಅವರದಲ್ಲ. ಕಾರ್ಡಿನ ತುಂಬ ಬಳ್ಳಿ ಸುತ್ತಿದಂಥ ಫಾಂಟ್. ೬ರ ಬಾಲ ಮೇಲಕ್ಕೆ ಎದ್ದು ೯ರ ಹಾಗೇ ಕಾಣುತ್ತಿತ್ತು.

ನಾನು ಕೊಪ್ಪಳದಲ್ಲಿ 28 ವರ್ಷದಿಂದ ಬೋರ್ಡ್ ಬರೆಯುವವನು. ಅಲಂಕಾರದ ಅಕ್ಷರ ಅಂದರೆ ನನಗೆ ಜೀವ. ಜಾತ್ರೆ ಹತ್ತಿರ ಬಂದಾಗ 'ಶ್ರೀ ಗವಿಸಿದ್ಧೇಶ್ವರ' ಎಂದು ಬರೆಯಲು ಕೂತರೆ 'ಶ್ರೀ' ಒಂದಕ್ಕೇ ಅರ್ಧ ತಾಸು ಹಿಡಿಯುತ್ತದೆ. ರ ಒತ್ತನ್ನು ಕೆಳಗೆ ಉದ್ದಕ್ಕೆ ಎಳೆಯುತ್ತೇನೆ. ಬ್ರಷ್ ಒತ್ತಿದಲ್ಲಿ ಗೆರೆ ದಪ್ಪ, ಎತ್ತುತ್ತಾ ಬಂದ ಹಾಗೆ ಕೂದಲಿನಷ್ಟು ತೆಳು. ಆದರೆ 'ದ್ಧೇಶ್ವ' ಬಂದ ಕೂಡಲೇ ಕೈ ಹಿಡಿತಕ್ಕೆ ಬರುತ್ತದೆ. ಅಲ್ಲಿ ಧ ಒತ್ತು, ವ ಒತ್ತು ಅಕ್ಕಪಕ್ಕ ನಿಂತಿರುತ್ತವೆ. ಅವುಗಳ ನಡುವೆ ಬಾಲ ಎಳೆದರೆ ಎರಡೂ ಕೂಡಿಕೊಂಡು ಯಾವುದು ಯಾವುದೋ ತಿಳಿಯುವುದಿಲ್ಲ.

ಇಂಗ್ಲಿಷಿನ ಬಳುಕುವ ಫಾಂಟ್ ನೋಡಿ. ಅಲ್ಲಿ ಸೊಗಸೆಲ್ಲ ಜಾಸ್ತಿ ಬರುವುದು ಮೊದಲಿನ ದೊಡ್ಡಕ್ಷರಕ್ಕೆ. ಮುಂದಿನ ಸಣ್ಣಕ್ಷರಗಳು ತಗ್ಗಿ ನಡೆಯುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲ. ಹಾಗಾಗಿ ಆ ಸೊಗಸನ್ನು ಇಲ್ಲಿಗೆ ತರುವಾಗ ಪ್ರತಿ ಅಕ್ಷರಕ್ಕೂ ಬಾಲ ಹಚ್ಚಿಬಿಡುತ್ತಾರೆ. ನಮ್ಮ ಅಕ್ಷರದ ತಲೆ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಬಾಲಕ್ಕೆ ಜಾಗ ಎಲ್ಲಿದೆ? ಅಂಗೈ ಅಗಲ ಬರೆದರೆ ಹೇಗೋ ಓದಬಹುದು. ಅದನ್ನೇ ಕಡಲೆಕಾಳಿನಷ್ಟು ಸಣ್ಣದು ಮಾಡಿ ವಿಳಾಸ ಅಚ್ಚು ಹಾಕಿದರೆ ಗತಿ ಏನು?

ಲಗ್ನಪತ್ರಿಕೆ ಮಾಡುವ ಅಣ್ಣ-ತಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ. ವಧು-ವರರ ಹೆಸರು, ಮೇಲಿನ 'ಶ್ರೀ', ಇವಕ್ಕೆ ಎಷ್ಟು ಬೇಕೋ ಅಷ್ಟು ಅಲಂಕಾರ ಮಾಡಿ. ಸುತ್ತ ಖಾಲಿ ಜಾಗ ಬಿಡಿ, ಆಗಲೇ ಅದು ಎದ್ದು ಕಾಣುವುದು. ದಿನ, ವೇಳೆ, ಸ್ಥಳ, ಫೋನ್ ನಂಬರು ಮಾತ್ರ ಸಾದಾ ಅಕ್ಷರದಲ್ಲಿರಲಿ. ಗಿರಾಕಿ ಹಟ ಹಿಡಿದರೆ ಒಂದು ಪ್ರಿಂಟ್ ತೆಗೆದು ಮಾರು ದೂರದಿಂದ ತೋರಿಸಿ.

ಫಾಂಟ್ ಮಾಡುವವರಿಗೂ ಒಂದು ಮಾತು. ಓಪನ್‌ಟೈಪ್ ಅನ್ನುವ ಬಗೆಯ ಕಂಪ್ಯೂಟರ್ ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಎರಡು-ಮೂರು ರೂಪ ಇಡಲು ಬರುತ್ತದೆ ಅಲ್ವಾ? ಹಾಗಾದರೆ ಬಾಲ ಇರುವುದೊಂದು, ಇಲ್ಲದ್ದೊಂದು ಕೊಡಿ. ಬಾಲ ಪದದ ಕೊನೆಯ ಅಕ್ಷರಕ್ಕೆ ಬಂದರೆ ಸಾಕು, ಅಲ್ಲಿ ಜಾಗ ಇರುತ್ತದೆ. ಅಂಕಿಗಳನ್ನಂತೂ ದಯವಿಟ್ಟು ಮುಟ್ಟಬೇಡಿ.

ತಂಗಿಗೆ ಇನ್ನೊಬ್ಬ ಮಗಳಿದ್ದಾಳೆ. ಅವಳ ಮದುವೆಯ ಕಾರ್ಡ್ ಅಚ್ಚಿಗೆ ಹೋಗುವ ಮುಂಚೆ ಸಿಂಧನೂರಿಗೆ ಒಯ್ದು ದೊಡ್ಡಪ್ಪನ ಕೈಯಲ್ಲೇ ಓದಿಸುತ್ತೇನೆ.

— ಒಬ್ಬ ಬೋರ್ಡ್ ಪೇಂಟರ್, ಕೊಪ್ಪಳ