ಗಲ್ಲಿಗೇರಿದ ದೊರೆಯನ್ನು ರಣರಂಗದಲ್ಲಿ ಕೊಂದ ಫಲಕ

ಮಾನ್ಯರೇ,

ಹಳೇ ಬಸ್ ನಿಲ್ದಾಣದ ವೃತ್ತದಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ದೊರೆ ಬಾಬಾಸಾಹೇಬರ ಮಾಹಿತಿ ಫಲಕ ಅನಾವರಣಗೊಂಡ ವರದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ಹಾರ ತುರಾಯಿಗಳ ವಿವರವೆಲ್ಲ ಅದರಲ್ಲಿದೆ. ಫಲಕವನ್ನು ಮಾತ್ರ ನಿಮ್ಮ ವರದಿಗಾರರಾಗಲಿ, ಪರದೆ ಸರಿಸಿದ ಗಣ್ಯರಾಗಲಿ ಓದಿದಂತೆ ಕಾಣುವುದಿಲ್ಲ. ಹತ್ತು ಗಂಟೆಯ ಕಾರ್ಯಕ್ರಮ ಒಂದೂವರೆಗೆ ಆರಂಭವಾಗಿ, ಸಕ್ಕರೆ ಕಾಯಿಲೆಯವನಾದ ನಾನು ಅಲ್ಲಿಯವರೆಗೂ ಒಂದು ಲೋಟ ನೀರಿಲ್ಲದೆ ಬಿಸಿಲಲ್ಲಿ ಕುಳಿತು, ಕೊನೆಗೆ ಎಲ್ಲರೂ ಊಟಕ್ಕೆ ಓಡಿದ ಮೇಲೆ ಅದನ್ನು ಓದಿದೆ.

‘ರಾಜಾ ಬಾಸ್ಕರರಾವ’ ಎಂದು ಅದರ ಮೊದಲ ಸಾಲು. ಬಾಬಾಸಾಹೇಬರ ನಿಜನಾಮ ಭಾಸ್ಕರರಾವ; ದೊರೆಯ ಹೆಸರಿಗೇ ಮಹಾಪ್ರಾಣವಿಲ್ಲ. ‘1857ರಲ್ಲಿ ರಣರಂಗದಲ್ಲಿ ವೀರಮರಣ’ ಎಂಬುದು ಎರಡನೆಯದು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬರ ದಂಡು ಕೊಂದಿತು. ಅವನ ರುಂಡವನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು (ಅದನ್ನೂ ಬರೆಯಿರೆಂದು ನಾನು ಹೇಳುತ್ತಿಲ್ಲ). ಕೆಲವೇ ದಿನಗಳಲ್ಲಿ ಕೋಟೆ ಬಿದ್ದು, ತೊರಗಲ್ ಕಾಡಿನಲ್ಲಿ ಸೆರೆಸಿಕ್ಕ ದೊರೆಯನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮಕ್ಕಳಿಲ್ಲದ ಅವರಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ, ಮೇಲಾಗಿ ತೋಪು ಮದ್ದುಗಳನ್ನು ಒಪ್ಪಿಸೆಂದಿತು. ಬಂಡಾಯದ ಮೂಲವೇ ಇದು. ಫಲಕದಲ್ಲಿ ‘ದತ್ತಕ’ವು ‘ದತ್ತಿ’ಯಾಗಿದೆ, ದೊರೆ ಯಾವುದೋ ದತ್ತಿನಿಧಿಗಾಗಿ ಕಾದಾಡಿದರೆಂದು ನಾಳೆ ಮಕ್ಕಳು ಪರೀಕ್ಷೆಯಲ್ಲಿ ಬರೆದರೆ ಅವರನ್ನು ದೂರುವಂತಿಲ್ಲ. ಮಲಪ್ರಭೆಯ ಪಾಲಾದ ತಾಯಿ ಮತ್ತು ಪತ್ನಿ, ಇದೇ ಬಂಡಾಯದಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯ, ಇವರಾರಿಗೂ ಅಲ್ಲಿ ಜಾಗವಿಲ್ಲ. ಜಾಗವಿರುವುದು ಕೆಳಗಿನ ಹನ್ನೊಂದು ಗಣ್ಯರ ಹೆಸರುಗಳಿಗೆ, ಅದೂ ದೊರೆಯ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ. ಅವುಗಳಲ್ಲಿ ಒಂದು ಕಾಗುಣಿತವೂ ತಪ್ಪಿಲ್ಲ.

ಮರುದಿನ ಮಂಡಿನೋವಿನ ಕಾಲೆಳೆದುಕೊಂಡು ಫಲಕ ಹಾಕಿಸಿದ ಕಚೇರಿಯ ಎರಡನೇ ಮಹಡಿ ಹತ್ತಿದೆ. ಒಬ್ಬರು ಪ್ರಿಂಟಿಂಗ್ ಪ್ರೆಸ್ಸಿನವರ ತಪ್ಪು ಎಂದರು. ಪ್ರೆಸ್ಸಿನವರು, ಸಾಹೇಬರು ಬರೆದುಕೊಟ್ಟದ್ದನ್ನೇ ಹಾಕಿದ್ದೇವೆ ಎಂದರು. ಮತ್ತೆ ಹತ್ತಿ ಹೋದಾಗ ಸಾಹೇಬರು ಮೀಟಿಂಗಿನಲ್ಲಿದ್ದರು. ‘ಅದನ್ನ ಯಾರ್ ಓದ್ತಾರ್ರೀ ಸರ್, ಬಿಡ್ರಿ’ ಎಂದು ಗುಮಾಸ್ತರೊಬ್ಬರು ನನ್ನನ್ನೇ ಸಮಾಧಾನಪಡಿಸಿದರು. ಇದೇ ಮೇಜಿನ ಮುಂದೆ ನನ್ನ ಮನೆಯ ಉತಾರದಲ್ಲಿ (ಆಸ್ತಿ ದಾಖಲೆಯಲ್ಲಿ) ತಪ್ಪಿಹೋದ ತಂದೆಯ ಹೆಸರನ್ನು ತಿದ್ದಿಸಲು ಮೂರು ವರ್ಷದಿಂದ ನಿಲ್ಲುತ್ತಿದ್ದೇನೆ. ಮ್ಯಾನ್ಸನ್ ಸತ್ತ ಹದಿನಾಲ್ಕೇ ದಿನಗಳಲ್ಲಿ ದೊರೆಯನ್ನು ಹಿಡಿದು, ವಿಚಾರಣೆ ಮುಗಿಸಿ, ನೇಣಿಗೂ ಹಾಕಿದ ಪರಂಗಿಯವರ ಕಚೇರಿಯ ಚುರುಕು ಕಂಡು ಹೊಟ್ಟೆಕಿಚ್ಚು ಬರುವ ಸ್ಥಿತಿಗೆ ಇವರು ನಮ್ಮನ್ನು ತಂದಿದ್ದಾರೆ. ವೃತ್ತದ ಸುತ್ತ ಪೈಪಿಗಾಗಿ ಅಗೆದ ಗುಂಡಿಯನ್ನು ಹೋದ ದೀಪಾವಳಿಯಿಂದ ಮುಚ್ಚಿಲ್ಲದ ಕಾರಣ ಫಲಕದ ಹತ್ತಿರ ಹೋಗುವುದೇ ಒಂದು ಸಾಹಸ; ಯಾರೂ ಓದದಿರಲೆಂದೇ ಹಾಗೆ ಬಿಟ್ಟಿದ್ದರೂ ಇರಬಹುದು.

ಆ ಫಲಕವನ್ನು ಕೂಡಲೇ ತಿದ್ದಬೇಕು, ಇಲ್ಲವೇ ಕಿತ್ತುಹಾಕಬೇಕು, ಅದೂ ಆಗದಿದ್ದರೆ ಆ ಹನ್ನೊಂದು ಮಂದಿಯನ್ನು ವೃತ್ತದಲ್ಲಿ ನಿಲ್ಲಿಸಿ ಬಾಬಾಸಾಹೇಬರ ಬಗ್ಗೆ ತಲಾ ನಾಲ್ಕು ವಾಕ್ಯ ಹೇಳಿಸಬೇಕು. ಸಂಬಂಧಪಟ್ಟವರು ಏನಾದರೂ ಮಾಡಿಕೊಳ್ಳಲಿ, ಮೊದಲು ‘ಭ’ ಬರೆಯುವುದನ್ನು ಕಲಿಯಲಿ.

– ಒಬ್ಬ ನಿವೃತ್ತ ಶಿಕ್ಷಕ